ಸಾಬ, ಸಿದ್ದಿ, ಸೂಫಿ ಮತ್ತು ಡಿಜೆ

ಎರಡು ವರ್ಷಗಳ ಹಿಂದೆ ಕಾರವಾರದ ಕಡಲತೀರದಲ್ಲಿ ಏರ್ಪಟ್ಟಿದ್ದ ಒಂದು ಸಂಗೀತ ಸಂಜೆಗೆ ಮಿತ್ರರೊಬ್ಬರ ಒತ್ತಾಯಕ್ಕೆ ನಾವು ಹೋಗಿದ್ದೆವು. ಬ್ಯಾನರಿನ ಮೇಲೆ ‘ಸೂಫಿ ನೈಟ್’ ಎಂದಿತ್ತು. ಗಾಯಕ ಹಸಿರು ಶಾಲು ಹೊದ್ದು, ಕೈಬೆರಳುಗಳಿಗೆ ದಪ್ಪ ದಪ್ಪ ಉಂಗುರ ತೊಟ್ಟು ಬಂದಿದ್ದ. ಹಾಡಿದ ಹತ್ತು ಹನ್ನೆರಡು ಹಾಡುಗಳಲ್ಲಿ ಎರಡನ್ನು ಬಿಟ್ಟರೆ ಉಳಿದವೆಲ್ಲ ಹಿಂದಿ ಸಿನಿಮಾದವು. ಕಂಠ ಚೆನ್ನಾಗಿತ್ತು, ಅದರ ಬಗ್ಗೆ ನಮ್ಮ ತಕರಾರಿಲ್ಲ. ಮಧ್ಯದಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ನಮ್ಮ ಕಡೆ ವಾಲಿ, “ನಿಮ್ಮವರೆಲ್ಲ ಹೀಗೆ ಸೂಫಿಗಳಾಗಿಬಿಟ್ಟರೆ ಯಾವ ಗಲಾಟೆಯೂ ಇರೋದಿಲ್ಲ, ಅಲ್ವಾ ಸಾಬ್ರೆ?” ಎಂದರು. ಅವರು ಒಳ್ಳೆಯವರು. ಪ್ರೀತಿಯಿಂದಲೇ ಹೇಳಿದ್ದರು. ನಾವೂ ನಕ್ಕೆವು. ಆದರೆ ಆ ಒಂದು ಸಾಲಿನಲ್ಲಿದ್ದ ಎರಡು ಪದಗಳು, ಒಂದು ‘ಸೂಫಿ’ ಮತ್ತೊಂದು ‘ಸಾಬ್ರೆ’, ಮನೆಗೆ ಬಂದ ಮೇಲೂ ನಮ್ಮನ್ನು ಬಿಡಲಿಲ್ಲ.

ಒಂದು ಪದ ಹಾಡಿನ ಜಾತಿಯ ಹೆಸರು, ಇನ್ನೊಂದು ಮನುಷ್ಯರ ಜಾತಿಯ ಹೆಸರು ಎಂದು ನಾವು ಸುಮ್ಮನಾಗಿಬಿಡಬಹುದಿತ್ತು. ಹಾಗಾಗದಿರುವುದಕ್ಕೆ ಕಾರಣವಿದೆ. ನಮ್ಮ ಕರಾವಳಿಯಲ್ಲಿ ಜನರನ್ನು ಗುರುತಿಸುವ ಹೆಸರು ಸಂಗೀತದ ಹೆಸರಾಗುವುದೂ, ಸಂಗೀತದ ಹೆಸರು ಜನರ ಮೇಲೆ ಬಂದು ಕೂರುವುದೂ ಬಹಳ ಕಾಲದಿಂದ ನಡೆದೇ ಇದೆ. ಹಾಗೆ ಕೂತ ಹೆಸರು ಯಾರನ್ನು ಮೇಲಕ್ಕೆತ್ತಿತು, ಯಾರನ್ನು ಕೆಳಗಿಳಿಸಿತು ಎಂದು ಕೇಳುವವರು ಕಡಿಮೆ.

ಮೊದಲಿಗೆ ‘ಸಾಬ’ನನ್ನೇ ತೆಗೆದುಕೊಳ್ಳೋಣ. ಮೂಲ ಅರಬಿಯ ‘ಸಾಹಿಬ್’. ಜೊತೆಗಾರ, ಒಡೆಯ ಎಂಬ ಅರ್ಥ. ಪ್ರವಾದಿಯವರ ಒಡನಾಡಿಗಳನ್ನು ‘ಸಹಾಬಾ’ ಎನ್ನುವುದೂ ಇದೇ ಬೇರಿನಿಂದ. ಬ್ರಿಟಿಷರ ಕಾಲದಲ್ಲಿ ಅದು ಬಿಳಿಯ ಅಧಿಕಾರಿಯ ಸಂಬೋಧನೆಯಾಯಿತು. ಸರಕಾರ ಕೊಡುತ್ತಿದ್ದ ‘ರಾವ್ ಸಾಹೇಬ್’, ‘ಖಾನ್ ಸಾಹೇಬ್’ ಬಿರುದುಗಳಲ್ಲಿ ಸೇರಿತು. ಇತ್ತ ಸಂಗೀತದ ಲೋಕದಲ್ಲಿ ಅದಕ್ಕೆ ಇನ್ನೂ ಎತ್ತರದ ಪೀಠ ಸಿಕ್ಕಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ (1872–1937) ಅವರ ಹೆಸರನ್ನು ಧಾರವಾಡ–ಹುಬ್ಬಳ್ಳಿಯ ಹಳೆಯ ಸಂಗೀತಗಾರರು ಬಾಯಲ್ಲಿ ಹೇಳುತ್ತಿರಲಿಲ್ಲ. ಕಿವಿ ಮುಟ್ಟಿಕೊಂಡು ‘ಖಾನ್ ಸಾಹೇಬರು’ ಎನ್ನುತ್ತಿದ್ದರು. ಅದೇ ಪದ ಬೀದಿಗಿಳಿದು ಬಾಲ ಕತ್ತರಿಸಿಕೊಂಡು ‘ಸಾಬ’ ಆಯಿತು. ನಾವು ಉರ್ದು ಶಾಲೆಯ ಐದನೆಯ ತರಗತಿ ಮುಗಿಸಿ ಕನ್ನಡ ಶಾಲೆಗೆ ಸೇರಿದ ವರ್ಷ, ಅಲ್ಲಿನ ಮಾಸ್ತರರೊಬ್ಬರು ನಮ್ಮ ಹೆಸರು ನೆನಪಿಗೆ ಬಾರದಾಗಲೆಲ್ಲ “ಏ ಸಾಬಾ, ನೀನು ಹೇಳು” ಎನ್ನುತ್ತಿದ್ದರು. ಒಂದೇ ತರಗತಿಯಲ್ಲಿ ಮೂವರು ಸಾಬರಿದ್ದೆವು. ಮೂವರೂ ಎದ್ದು ನಿಲ್ಲುತ್ತಿದ್ದೆವು. ತರಗತಿ ನಗುತ್ತಿತ್ತು.

ಆದರೆ ಪದ ಒಂದೇ ದಿಕ್ಕಿಗೆ ಉರುಳುತ್ತದೆ ಎಂದುಕೊಳ್ಳುವುದೂ ತಪ್ಪು. ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು ಬರಗಾಲದ ಹಳ್ಳಿಗಳಿಗೆಲ್ಲ ಕೊಳವೆಬಾವಿ ಕೊರೆಸಿದಾಗ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಆ ‘ಸಾಬ್’ನಲ್ಲಿ ಗೇಲಿ ಇರಲಿಲ್ಲ. ನೀರಿನ ಋಣ ಇತ್ತು. ನಾವು ಚಿಕ್ಕವರಿದ್ದಾಗ ಮನೆಯ ಹಿರಿಯರು ಈ ಹೆಸರನ್ನು ಪದೇ ಪದೇ ಹೇಳುತ್ತಿದ್ದುದು ಬರಿಯ ರಾಜಕೀಯ ಅಭಿಮಾನದಿಂದಲ್ಲ ಎಂದು ಈಗ ಹೊಳೆಯುತ್ತದೆ. ಬಯ್ಗುಳವಾಗಿ ಹೋಗಿದ್ದ ತಮ್ಮ ಹೆಸರು ಒಂದು ಸಲವಾದರೂ ಗೌರವವಾಗಿ ಮರಳಿ ಬಂದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಇದೇ ದಾರಿಯಲ್ಲಿ ಇನ್ನೂ ಕೆಳಕ್ಕೆ ಜಾರಿದ ಇನ್ನೊಂದು ಪದ ‘ಸಿದ್ದಿ’. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಘಟ್ಟದ ಅಂಚಿನ ಕಾಡುಗಳಲ್ಲಿ ಬದುಕುವ ಆಫ್ರಿಕನ್ ಮೂಲದ ಈ ಜನರ ಹೆಸರು ಅರಬಿಯ ‘ಸಯ್ಯಿದೀ’ಯಿಂದ, ಅಂದರೆ ‘ನನ್ನ ಒಡೆಯನೇ’ ಎಂಬ ಸಂಬೋಧನೆಯಿಂದ ಬಂದದ್ದೆಂದು ಸಾಮಾನ್ಯವಾಗಿ ವಿದ್ವಾಂಸರು ಹೇಳುತ್ತಾರೆ. ಇನ್ನೊಂದು ಹೆಸರು ‘ಹಬ್ಶಿ’, ಅಬಿಸೀನಿಯದವನು. ದಖನ್ನಿನ ಚರಿತ್ರೆಯಲ್ಲಿ ಈ ಎರಡೂ ಹೆಸರುಗಳು ತಲೆ ಎತ್ತಿಕೊಂಡು ನಡೆದಿವೆ. ಅಹಮದ್‌ನಗರವನ್ನು ಮೊಗಲರ ವಿರುದ್ಧ ಹಿಡಿದು ನಿಲ್ಲಿಸಿದ ಮಲಿಕ್ ಅಂಬರ್ ಹಬ್ಶಿ. ಬಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಆಡಳಿತದ ಚುಕ್ಕಾಣಿ ಹಿಡಿದಿದ್ದ ಇಖ್ಲಾಸ್ ಖಾನ್ ಹಬ್ಶಿ. ಜಂಜೀರಾದ ಕಡಲಕೋಟೆಯನ್ನು ಆಳಿದವರು ಸಿದ್ದಿಗಳು. ಆದರೆ ನಮ್ಮ ಜಿಲ್ಲೆಯ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಅವರ ಜೊತೆ ಬಂದದ್ದು ಹೆಸರು ಮಾತ್ರ. ಅದರೊಳಗಿನ ಒಡೆತನ ಬರಲಿಲ್ಲ.

ನಮ್ಮ ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿಗೆ ಘಟ್ಟದ ಮೇಲಿನಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ಸಿದ್ದಿ ಹುಡುಗನಿದ್ದ. ಮುಸಲ್ಮಾನನೇ. ಅವನನ್ನು ಎಲ್ಲರೂ ‘ಸಿದ್ದಿ’ ಎಂದೇ ಕರೆಯುತ್ತಿದ್ದರು. ನಾವೂ ಕರೆದಿದ್ದೇವೆ. ‘ಸಾಬಾ’ ಎಂದು ಕರೆಸಿಕೊಂಡು ಮುಖ ಕೆಂಪಗಾಗುತ್ತಿದ್ದ ನಾವೇ ಮರುಗಳಿಗೆಯಲ್ಲಿ ಅವನ ಗುಂಗುರು ಕೂದಲು ಹಿಡಿದು “ಏ ಸಿದ್ದಿ” ಎನ್ನುತ್ತಿದ್ದೆವು. ಒಂಬತ್ತನೆಯ ತರಗತಿಗೆ ಅವನು ಬರಲಿಲ್ಲ. ಮಸೀದಿಯಲ್ಲಿ ಬಿಲಾಲರ ಅಜಾನಿನ ಕಥೆ ಕೇಳಿ ಕಣ್ಣೊದ್ದೆ ಮಾಡಿಕೊಳ್ಳುವ ನಮ್ಮ ಮನೆಗಳಲ್ಲಿ ‘ಹಬ್ಶಿ’ ಇಂದಿಗೂ ಬಯ್ಗುಳ. ಬಿಲಾಲರು ಯಾರು? ಅವರ ಹೆಸರಿನ ಜೊತೆ ಇರುವುದೇ ಹಬ್ಶಿ ಎಂಬ ಪದ. ಹೊರಗಿನವರು ನಮಗೆ ಅಂಟಿಸಿದ ಹೆಸರುಗಳ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಈ ವಿಷಯ ಬಂದಾಗ ಪೆನ್ನು ಮುಚ್ಚಿಡುತ್ತೇವೆ.

ಕಾನೂನು ಈ ಹೆಸರಿಗೆ ಮಾಡಿದ್ದೇನು ಎನ್ನುವುದು ಇನ್ನೊಂದು ಕಥೆ. 2003ರ ಜನವರಿಯಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪರಿಶಿಷ್ಟ ಪಂಗಡಕ್ಕೆ ಧರ್ಮದ ಅಡ್ಡಿ ಇಲ್ಲವಾದ್ದರಿಂದ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳು ಮೂವರೂ ಒಂದೇ ಪ್ರಮಾಣಪತ್ರದಡಿ ಬಂದರು. ಬಯ್ಗುಳದ ಪದ ತಾಲೂಕು ಕಚೇರಿಯ ಮೊಹರಿನ ಕೆಳಗೆ ಹಕ್ಕಿನ ಪದವಾಯಿತು. ಆದರೆ ಪಟ್ಟಿಯಲ್ಲಿ ಕಂಸದೊಳಗೆ ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂದಿತ್ತು. ಹಳಿಯಾಳದಲ್ಲಿದ್ದ ಅಣ್ಣ ಸಿದ್ದಿ, ಗಡಿ ದಾಟಿ ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ನೆಲೆಸಿದ ತಮ್ಮ ಸಿದ್ದಿ ಅಲ್ಲ! ಅದೇ ಚರ್ಮ, ಅದೇ ಕೂದಲು, ಅದೇ ದಮಾಮಿ. 2020ರಲ್ಲಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಹೆಸರು ಸೇರುವ ತನಕ ಹದಿನೇಳು ವರ್ಷ ಹೀಗೇ ನಡೆಯಿತು. ಬಯ್ಯುವವನಿಗೆ ಮಾತ್ರ ಯಾವ ಜಿಲ್ಲೆಯ ಗಡಿಯೂ ಅಡ್ಡ ಬಂದಿರಲಿಲ್ಲ.

ದಮಾಮಿಯ ಹೆಸರು ಬಂತು. ಸಿದ್ದಿಗಳು ತಮ್ಮ ಡೋಲಿಗೂ, ಅದರೊಡನೆ ಹಾಡಿ ಕುಣಿಯುವುದಕ್ಕೂ ಬಳಸುವ ಹೆಸರು ಅದು. ಉರ್ದು ಓದಿದವರಿಗೆ ‘ದಮಾಮಾ’ ಗೊತ್ತು. ಯುದ್ಧದ ನಗಾರಿ, ಅರಮನೆಯ ಬಾಗಿಲಲ್ಲಿ ಬಾರಿಸುವಂಥದ್ದು. ಪಡೆಯ ಮುಂದಿನ ವಾದ್ಯ ಮಣ್ಣಿನ ನೆಲದ ಅಂಗಳಕ್ಕೆ ಬಂದು ಹೆಣ್ಣುಮಕ್ಕಳ ಕುಣಿತದ ವಾದ್ಯವಾದದ್ದು ನಮಗೆ ಸೋಲಾಗಿ ಕಾಣುವುದಿಲ್ಲ. ಎಂಬತ್ತರ ದಶಕದಲ್ಲಿ ನೀನಾಸಮ್ ಬಳಗದ ಚಿದಂಬರರಾವ್ ಜಂಬೆಯವರು ಮಂಚೀಕೇರಿಯ ಸಿದ್ದಿಗಳನ್ನೇ ಕಟ್ಟಿಕೊಂಡು ಚಿನುವಾ ಅಚಿಬೆಯ ಕಾದಂಬರಿಯನ್ನು ರಂಗಕ್ಕೆ ತಂದರು. ಕನ್ನಡದ ಮಟ್ಟಿಗೆ ಅದೊಂದು ದೊಡ್ಡ ಕೆಲಸ. ಅಲ್ಲಿಂದಾಚೆಗೆ ಸಿದ್ದಿ ಕಲಾವಿದರು ರಂಗಭೂಮಿಗೆ, ಸಿನಿಮಾಕ್ಕೆ ಬಂದರು. ಆದರೆ ಈಚಿನ ಉತ್ಸವಗಳ ಆಹ್ವಾನಪತ್ರಿಕೆ ನೋಡಿ. ‘ಸಿದ್ದಿ ದಮಾಮಿ’ ಎನ್ನುವುದಕ್ಕೆ ಬದಲು ‘ಆಫ್ರಿಕನ್ ನೃತ್ಯ’ ಎಂದಿರುತ್ತದೆ. ಸೊಪ್ಪಿನ ಲಂಗ, ಮುಖಕ್ಕೆ ಬಿಳಿ ಬಣ್ಣದ ಚುಕ್ಕಿ. ಕೊಂಕಣಿ, ಕನ್ನಡ ಮಾತಾಡುವ, ಸೀರೆ ಉಡುವ, ಪಂಚಾಯಿತಿಗೆ ಮತ ಹಾಕುವ ಜನ ವೇದಿಕೆಯ ಮೇಲೆ ಮಾತ್ರ ನಾಲ್ಕು ಶತಮಾನ ಹಿಂದಕ್ಕೆ ಹೋಗಬೇಕು.

ಇಲ್ಲಿ ಸ್ವಲ್ಪ ದೂರದ ಮಾತು. ಯುರೋಪಿನಲ್ಲಿ ‘ಗೋಥ್’ ಎಂಬೊಂದು ಜನ ಇದ್ದರು. ಕ್ರಿ.ಶ. 410ರಲ್ಲಿ ರೋಮ್ ನಗರವನ್ನು ಕೊಳ್ಳೆಹೊಡೆದವರು. ಸಾವಿರ ವರ್ಷ ಕಳೆದ ಮೇಲೆ ಇಟಲಿಯ ಪಂಡಿತರು ತಮಗೆ ಸೇರದ ಚೂಪುಕಮಾನಿನ ಕಟ್ಟಡಗಳಿಗೆಲ್ಲ ‘ಗೋಥಿಕ್’ ಎಂದರು. ಅನಾಗರಿಕ ಎಂಬ ಅರ್ಥದಲ್ಲಿ. ಗೋಥರಿಗೂ ಆ ಕಮಾನುಗಳಿಗೂ ಸಂಬಂಧವೇ ಇರಲಿಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್, ಇದನ್ನು ಗೋಥಿಕ್ ಎನ್ನುವುದಕ್ಕಿಂತ ‘ಸರಾಸನ್’ ಶೈಲಿ ಎನ್ನುವುದೇ ಸರಿ ಎಂದು ವಾದಿಸಿದ್ದ. ಸರಾಸನ್ ಎಂದರೆ ಅವರ ಭಾಷೆಯಲ್ಲಿ ನಾವೇ, ಅರಬರು, ಮುಸಲ್ಮಾನರು. ಅವನ ಮಾತು ನಡೆಯಲಿಲ್ಲ. ಮುಂದೆ ಅದೇ ಪದ ದೆವ್ವದ ಕಾದಂಬರಿಗಳಿಗೆ ಅಂಟಿತು. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಕಪ್ಪು ಬಟ್ಟೆ ತೊಟ್ಟು ಮಂಕು ರಾಗ ನುಡಿಸುವ ವಾದ್ಯತಂಡಗಳಿಗೂ, ಅವನ್ನು ಕೇಳುವ ಹುಡುಗ ಹುಡುಗಿಯರಿಗೂ ಹೆಸರಾಯಿತು. ‘ಪಂಕ್’ ಪದದ್ದೂ ಹೀಗೆಯೇ. ಷೇಕ್ಸ್‌ಪಿಯರನ ಕಾಲಕ್ಕೆ ಅದು ವೇಶ್ಯೆ, ಆಮೇಲೆ ಪುಂಡ ಪೋಕರಿ, ಎಪ್ಪತ್ತರ ದಶಕದಲ್ಲಿ ಒಂದು ಸಂಗೀತ. ಬಯ್ಯಿಸಿಕೊಂಡವರು ಬಯ್ಗುಳವನ್ನೇ ಅಂಗಿಯ ಮೇಲೆ ಬರೆದುಕೊಂಡು ತಿರುಗಿದರು. ಬಯ್ಗುಳ ಹಲ್ಲು ಕಳೆದುಕೊಂಡಿತು.

ಹಾಗಾದರೆ ನಾವೂ ‘ಸಾಬ’ ಎಂದು ಅಂಗಿಯ ಮೇಲೆ ಬರೆದುಕೊಳ್ಳಬಹುದಲ್ಲ ಎಂದು ಕೇಳುವ ತರುಣರಿದ್ದಾರೆ. ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗನೇ ಕೇಳಿದ್ದ. ಅವನಿಗೆ ನಾವು ಹೇಳಿದ್ದು ಇಷ್ಟು: ಲಂಡನ್ನಿನ ಹುಡುಗ ಸಂಜೆ ಮನೆಗೆ ಹೋಗಿ ಆ ಅಂಗಿ ಕಳಚಿಡಬಲ್ಲ. ನಲವತ್ತಕ್ಕೆ ಬ್ಯಾಂಕಿನ ಕೆಲಸಕ್ಕೂ ಸೇರಬಲ್ಲ. ಸಿದ್ದಿ ಏನನ್ನು ಕಳಚಿಡಬೇಕು? ಹೀಗೆ ಹೇಳಿ ಗೆದ್ದೆವೆಂದುಕೊಂಡಿದ್ದೆವು. ಅವನು ಸುಮ್ಮನಾಗಲಿಲ್ಲ. 2007ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನ ಒಂದು ಪಾರ್ಕಿನಲ್ಲಿ ಇಪ್ಪತ್ತು ವರ್ಷದ ಒಬ್ಬ ಯುವತಿಯನ್ನು ಅವಳ ಗೋಥ್ ಉಡುಪಿನ ಕಾರಣಕ್ಕೇ ಹುಡುಗರ ಗುಂಪೊಂದು ಒದ್ದು ಕೊಂದ ಪ್ರಕರಣವನ್ನು ತೋರಿಸಿದ. ಅದಾದ ಆರು ವರ್ಷಕ್ಕೆ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ದಾಳಿಗಳನ್ನೂ ಜನಾಂಗ, ಧರ್ಮಗಳ ಮೇಲಿನ ದಾಳಿಯಂತೆ ದ್ವೇಷಾಪರಾಧವೆಂದೇ ದಾಖಲಿಸತೊಡಗಿದರು. ತಾನೇ ಆರಿಸಿಕೊಂಡ ಹೆಸರೂ ಕೊಲ್ಲಿಸಬಲ್ಲುದು ಎಂದಾಯಿತು. ನಮ್ಮ ವಾದ ಅಲ್ಲಿಗೆ ಅರ್ಧ ಬಿದ್ದುಹೋಯಿತು. ಒಪ್ಪಿಕೊಳ್ಳುತ್ತೇವೆ.

ಇನ್ನು ನಮ್ಮ ಹೆದ್ದಾರಿಗೆ ಬರೋಣ. ಗೋವೆಯಿಂದ ಕಾರವಾರ, ಅಂಕೋಲೆ ಹಾಯ್ದು ಗೋಕರ್ಣಕ್ಕೆ ಹೋಗುವ ಬಸ್ಸುಗಳಲ್ಲಿ ನಮ್ಮ ತಂದೆಯವರ ತಲೆಮಾರು ಮೊದಲು ಕಂಡದ್ದು ‘ಹಿಪ್ಪಿ’ಗಳನ್ನು. ಆ ಪದದ ಬೇರು ಅಮೆರಿಕದ ಕರಿಯರ ಜಾಝ್ ಆಡುನುಡಿಯಲ್ಲಿದೆ. ಸಂಗೀತ ಬಲ್ಲವನು, ಲೋಕದ ಹೊಸತನ್ನು ಅರಿತವನು ಎಂಬಂಥ ಅರ್ಥ. ಅಂಕೋಲೆಯ ಕ್ಷೌರದಂಗಡಿಗೆ ಬರುವ ಹೊತ್ತಿಗೆ ಅದು ಕಿವಿ ಮುಚ್ಚುವ ಉದ್ದ ಕೂದಲಾಗಿತ್ತು. ‘ಹಿಪ್ಪಿ ಕಟಿಂಗ್’! ಕೂದಲು ಬಿಟ್ಟ ಮಗನಿಗೆ ಅಪ್ಪಂದಿರು ಹಿಪ್ಪಿ ಎಂದು ಬಯ್ಯುತ್ತಿದ್ದರು. ಆ ಹುಡುಗನಿಗೆ ಜಾಝ್ ಎಂದರೇನೆಂದೂ ಗೊತ್ತಿರಲಿಲ್ಲ, ವಿಯೆಟ್ನಾಂ ಯುದ್ಧ ಎಂದರೇನೆಂದೂ ಗೊತ್ತಿರಲಿಲ್ಲ.

ಹಿಪ್ಪಿಗಳು ಗೋವೆಯ ಅಂಜುನಾ ತೀರದಲ್ಲಿ ಮಾಡುತ್ತಿದ್ದ ಬೆಳದಿಂಗಳ ಕೂಟಗಳಿಂದ ತೊಂಬತ್ತರ ದಶಕದಲ್ಲಿ ಒಂದು ವಿದ್ಯುನ್ಮಾನ ಸಂಗೀತ ಹುಟ್ಟಿತು. ಅದರ ಹೆಸರೇ ‘ಗೋವಾ ಟ್ರಾನ್ಸ್’. ಯುರೋಪಿನ ಆ ಸಂಗೀತದ ಗೀಳಿನವರಿಗೆ ‘ಗೋವಾ’ ಒಂದು ಊರಿನ ಹೆಸರಾಗಿ ಉಳಿಯಲಿಲ್ಲ, ಒಂದು ಬಗೆಯ ತಾಳದ ಹೆಸರಾಯಿತು. ಸೋಜಿಗವೆಂದರೆ ಗೋವೆಯವರದೇ ಆದ ಮಾಂಡೋ ಹಾಡಿನ ಜೊತೆಗಿರುವ ‘ಘುಮಟ್’ಗೆ ಆ ಹೆಸರಿನಲ್ಲಿ ಜಾಗವಿಲ್ಲ. ಮಣ್ಣಿನ ಗಡಿಗೆಯ ಒಂದು ಬಾಯಿಗೆ ಚರ್ಮ ಬಿಗಿದ ವಾದ್ಯ ಅದು. ಕಾಳಿ ನದಿ ದಾಟಿ ಈಚೆ ಬಂದರೆ ಅದೇ ನಮ್ಮ ‘ಗುಮಟೆ’. ಹಳೆಯ ಗುಮಟೆಗಳಿಗೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. 2019ರಲ್ಲಿ ಗೋವಾ ಸರಕಾರ ಘುಮಟ್ ಅನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು, ಆಡಿನ ಚರ್ಮದ್ದು. ಕಾಡಿನ ಚರ್ಮ ಹೋಗಿ ಸಾಕುಪ್ರಾಣಿಯ ಚರ್ಮ ಬಂದ ಮೇಲೆಯೇ ವಾದ್ಯಕ್ಕೆ ಮರ್ಯಾದೆ ಸಿಕ್ಕಿತು. ಉಡ ಬದುಕಿತಲ್ಲ, ಅದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ.

‘ರೇವ್’ ಪದವನ್ನೂ ಹೇಳಿಬಿಡುತ್ತೇವೆ. ನಮ್ಮ ಪತ್ರಿಕೆಗಳಲ್ಲಿ ಪೊಲೀಸರು ನುಗ್ಗಿದ ಯಾವ ರೆಸಾರ್ಟಿನ ಪಾರ್ಟಿಯಾದರೂ ‘ರೇವ್ ಪಾರ್ಟಿ’ಯೇ. ಅಲ್ಲಿ ನುಡಿಸಿದ್ದು ಭಾವಗೀತೆಯಾಗಿದ್ದರೂ ಸರಿ. ಬ್ರಿಟನ್ನಿನಲ್ಲಿ 1994ರಲ್ಲಿ ಇಂಥ ಕೂಟಗಳನ್ನು ತಡೆಯಲು ಕಾನೂನು ಮಾಡಿದಾಗ, ಸಂಗೀತವನ್ನು ವ್ಯಾಖ್ಯಾನಿಸಲೇಬೇಕಾಗಿ ಬಂದು, ಒಂದರ ಹಿಂದೊಂದು ಮರುಕಳಿಸುವ ಪೆಟ್ಟುಗಳೇ ಪ್ರಧಾನವಾಗಿರುವ ಶಬ್ದವೂ ಅದರಲ್ಲಿ ಸೇರಿದೆ ಎಂಬರ್ಥದಲ್ಲಿ ಬರೆದರು. ಆ ಲೆಕ್ಕದಲ್ಲಿ ಹಾಲಕ್ಕಿಗಳ ಗುಮಟೆ, ಸಿದ್ದಿಗಳ ದಮಾಮಿ, ನಮ್ಮ ದಫ್ ಎಲ್ಲವೂ ರೇವ್! ಸರಕಾರಗಳು ಸಂಗೀತಕ್ಕೆ ಅರ್ಥ ಹೇಳಹೊರಟಾಗ ಹೀಗೆಯೇ ಆಗುವುದು.

ಹಾಲಕ್ಕಿ ಒಕ್ಕಲಿಗರ ವಿಷಯದಲ್ಲಿ ಸರಕಾರದ ಅರ್ಥ ಹೇಳುವ ಚಟ ತಮಾಷೆಯಾಗಿ ಉಳಿದಿಲ್ಲ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಎಲ್ಲ ಪತ್ರಿಕೆಗಳೂ ‘ಜಾನಪದ ಕೋಗಿಲೆ’ ಹಾರಿಹೋಯಿತು ಎಂಬಂತೆ ಬರೆದವು. ಅದಕ್ಕೆ ಎರಡು ತಿಂಗಳು ಮೊದಲು ತೀರಿಕೊಂಡಿದ್ದ ಅದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ‘ವೃಕ್ಷಮಾತೆ’. ನೂರಾರು ಹಾಡುಗಳನ್ನು ಅಕ್ಷರದ ಹಂಗಿಲ್ಲದೆ ನೆನಪಿನಲ್ಲಿ ಹೊತ್ತಿದ್ದ ಗಾಯಕಿಗೆ, ಅವರು ನಗರದ ಸಭಾಂಗಣದಲ್ಲಿ ತಂಬೂರಿ ಹಿಡಿದು ಕೂತಿದ್ದರೆ, ವಿದುಷಿ ಎನ್ನುತ್ತಿದ್ದೆವು. ಮಣಿಸರ ತೊಟ್ಟು ನಿಂತದ್ದಕ್ಕೆ ಹಕ್ಕಿ ಎಂದೆವು. ಹಕ್ಕಿಗೆ ಅಭ್ಯಾಸ ಬೇಕಿಲ್ಲ, ವಿದ್ಯೆ ಬೇಕಿಲ್ಲ, ಅಭಿಪ್ರಾಯವೂ ಇರುವುದಿಲ್ಲ. ಸುಕ್ರಜ್ಜಿಗೆ ಅಭಿಪ್ರಾಯವಿತ್ತು. ಊರಿನ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು ಅವರು.

ಹಾಲಕ್ಕಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿಸಿರೆಂದು ದಶಕಗಳಿಂದ ಕೇಳುತ್ತಿದ್ದಾರೆ. ಪದ್ಮಶ್ರೀ ಪಡೆದ ಈ ಇಬ್ಬರೂ ಆ ಬೇಡಿಕೆ ಈಡೇರುವುದನ್ನು ಕಾಣದೆಯೇ ಹೋದರು. ಅಂಥ ಬೇಡಿಕೆಗಳನ್ನು ಅಳೆಯುವ ಕೋಲು 1965ರ ಲೋಕೂರ್ ಸಮಿತಿಯದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಈ ಕೋಲಿನ ಮುಂದೆ ನಿಂತ ಗುಮಟೆ ಬರಿಯ ವಾದ್ಯವಲ್ಲ, ಸಾಕ್ಷಿ. ಸುಗ್ಗಿ ಕುಣಿತದ ತುರಾಯಿ ಸಾಕ್ಷಿ. ಹುಡುಗಿ ಕಾಲೇಜಿಗೆ ಹೋಗಿ ಚೂಡಿದಾರ್ ತೊಟ್ಟರೆ ಸಾಕ್ಷಿ ಸಡಿಲವಾಗುತ್ತದೆ. ಬಂದವರೊಡನೆ ಧೈರ್ಯವಾಗಿ ಮಾತಾಡಿದರೆ ‘ಸಂಕೋಚ’ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಹೊನ್ನಾವರದ ಎನ್.ಆರ್. ನಾಯಕ, ಕುಮಟೆಯ ಎಲ್.ಆರ್. ಹೆಗಡೆಯಂಥವರು ಜಿಲ್ಲೆಯ ಹಾಡು ಕಥೆಗಳನ್ನು ಮನೆಮನೆ ತಿರುಗಿ ಸಂಗ್ರಹಿಸಿದ ಕಾಲಕ್ಕೆ ‘ಜಾನಪದ’ ಎಂದರೆ ಬದುಕುತ್ತಿರುವ ಜನರ ಅರಿವು ಎಂಬ ನಂಬಿಕೆ ಇತ್ತು. ಕಡತದ ಭಾಷೆಯಲ್ಲಿ ಅದು ಬದಲಾಗದಿರುವುದರ ಪುರಾವೆ.

ಇತ್ತ ಘಟ್ಟ ಹತ್ತಿ ಹುಬ್ಬಳ್ಳಿ ಕಡೆ ಹೋದರೆ ‘ಜಾನಪದ’ ಎಂದರೆ ಬೇರೆಯೇ. ಟಂಟಂಗಳಲ್ಲಿ, ಮೊಬೈಲುಗಳಲ್ಲಿ, ಮದುವೆಯ ಮೆರವಣಿಗೆಯಲ್ಲಿ ಕಿವಿಗಪ್ಪಳಿಸುವ, ಕಳೆದ ವಾರವಷ್ಟೇ ಯಾರೋ ಬರೆದು ಕೀಬೋರ್ಡಿಗೆ ಹೊಂದಿಸಿದ ಪೋಲಿ ಹಾಡಿಗೆ ‘ಜಾನಪದ ಸಾಂಗ್’ ಎನ್ನುತ್ತಾರೆ. ಹಾವೇರಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಅಲ್ಲಿನ ಪ್ರಾಧ್ಯಾಪಕರೂ ಆ ಟಂಟಂ ಚಾಲಕನೂ ಒಂದೇ ಪದವನ್ನು ಬಳಸುತ್ತಾರೆ. ಇಬ್ಬರಲ್ಲಿ ಸರಿ ಯಾರು ಎಂದರೆ ನಮ್ಮ ಒಲವು, ಯಾರಿಗೂ ಬೇಸರವಾಗದಿದ್ದರೆ, ಚಾಲಕನ ಕಡೆಗೇ. ಹಾಡು ಪೋಲಿಯಾಗಿರಬಹುದು, ಆದರೆ ಜನರದೇ. ‘ಡಿಜೆ’ಯ ಗತಿ ಇನ್ನೂ ವಿಚಿತ್ರ. ಲೋಕದ ಬೇರೆಡೆ ಅದು ಮನುಷ್ಯ, ತಟ್ಟೆ ತಿರುಗಿಸಿ ಹಾಡು ಜೋಡಿಸುವವನು. ನಮ್ಮಲ್ಲಿ ಅದು ಲಾರಿಯ ಮೇಲೆ ಗೋಪುರದಂತೆ ಪೇರಿಸಿದ ಸೌಂಡ್ ಬಾಕ್ಸು. ‘ಡಿಜೆ ತರಿಸಿದ್ದಾರೆ’, ‘ಡಿಜೆ ನಿಷೇಧ’, ‘ಡಿಜೆ ವಶ’. ಮನುಷ್ಯ ಮಾಯವಾಗಿ ಶಬ್ದ ಮಾತ್ರ ಉಳಿದಿದೆ. ಗಣೇಶನ ಮೆರವಣಿಗೆಗೂ ಈದ್ ಮಿಲಾದಿನ ಮೆರವಣಿಗೆಗೂ ಒಂದೇ ಅಂಗಡಿಯಿಂದ ಬಾಡಿಗೆಗೆ ಬರುವ ಒಂದೇ ಡಿಜೆಯ ಮುಂದೆ ಎರಡೂ ಕಡೆಯ ನಮ್ಮ ಹುಡುಗರು ಒಂದೇ ಥರ ಕುಣಿಯುತ್ತಾರೆ. ಜಗಳವಾಗುವುದು ಯಾವ ಬೀದಿಯಲ್ಲಿ ಅದರ ಗುಂಡಿ ತಿರುಗಿಸಿದರು ಎಂಬುದಕ್ಕೆ. ದಫ್ ಹಿಡಿದು ಸಲಾತ್ ಹಾಡುತ್ತಿದ್ದ ಮುದುಕರು ಮೆರವಣಿಗೆಯ ಹಿಂದೆ, ಮಾತು ಕೇಳಿಸದಷ್ಟು ದೂರದಲ್ಲಿ, ನಡೆದು ಬರುತ್ತಾರೆ.

ಈಗ ಸೂಫಿ. ಅರಬಿಯಲ್ಲಿ ‘ಸೂಫ್’ ಎಂದರೆ ಉಣ್ಣೆ. ಒರಟು ಉಣ್ಣೆ ತೊಟ್ಟವರು ಸೂಫಿಗಳು ಎಂಬುದು ಹೆಚ್ಚು ಜನ ಒಪ್ಪಿದ ವಿವರಣೆ. ಅಂದರೆ ಇದೂ ಮೂಲದಲ್ಲಿ ಉಡುಪಿನ ಹೆಸರು, ಕಪ್ಪು ಬಟ್ಟೆಯ ಗೋಥ್ ಹುಡುಗಿಯ ಹೆಸರಿನ ಹಾಗೆ. ಲಾಹೋರಿನ ಹುಜ್ವೀರಿಯವರ ‘ಕಶ್ಫುಲ್ ಮಹಜೂಬ್’ ಹನ್ನೊಂದನೆಯ ಶತಮಾನದ ಗ್ರಂಥ. ಅದರಲ್ಲೇ, ಹಿಂದೆ ವಸ್ತುವಿತ್ತು ಹೆಸರಿರಲಿಲ್ಲ, ಈಗ ಹೆಸರಿದೆ ವಸ್ತುವಿಲ್ಲ ಎಂಬರ್ಥದ ಹಿರಿಯರೊಬ್ಬರ ಕೊರಗು ದಾಖಲಾಗಿದೆ. ಸಾವಿರ ವರ್ಷ ಹಳೆಯ ಕೊರಗು! ಆದ್ದರಿಂದ ಸೂಫಿ ಪದ ಕೆಟ್ಟುಹೋಯಿತು ಎಂದು ನಾವು ಹೊಸದಾಗಿ ಗೋಳಾಡಬೇಕಿಲ್ಲ. ಅದು ಈಗ ಹೇಗೆ ಕೆಡುತ್ತಿದೆ ಎನ್ನುವುದನ್ನು ಮಾತ್ರ ನೋಡಬೇಕು.

ನಾವು ಹುಡುಗರಾಗಿದ್ದಾಗ ಸದಾಶಿವಗಡದ ದರ್ಗಾದ ಉರುಸಿನಲ್ಲಿ ಕೇಳುತ್ತಿದ್ದುದು ‘ಕವ್ವಾಲಿ’. ಚಾಪೆಯ ಮೇಲೆ ಕೂತು, ನಡುರಾತ್ರಿಯ ತನಕ. ಹಾರ್ಮೋನಿಯಂ ನುಡಿಸುವವನ ಬಾ‍ಯಲ್ಲಿ ಎಲೆಯಡಿಕೆ. ಅದನ್ನು ಯಾರೂ ಸೂಫಿ ಸಂಗೀತ ಎನ್ನುತ್ತಿರಲಿಲ್ಲ. ಪಾಕಿಸ್ತಾನದ ‘ಜುನೂನ್’ ತಂಡ ಗಿಟಾರಿನ ಜೊತೆ ಹಾಡಿದ್ದು 1997ರ ಹೊತ್ತಿಗೆ ನಮ್ಮ ಟಿವಿಗಳಲ್ಲೂ ಬಂದು ‘ಸೂಫಿ ರಾಕ್’ ಎಂಬ ಮಾತು ಹಬ್ಬಿತು. ಆಮೇಲೆ ಹಿಂದಿ ಸಿನಿಮಾ, 2008ರಿಂದ ಪಾಕಿಸ್ತಾನದ ಕೋಕ್ ಸ್ಟುಡಿಯೋ. ಈಗ ಕವ್ವಾಲಿ ಎಂದರೆ ಬಡವರದು, ದರ್ಗಾದ್ದು, ಬೆವರಿನ ವಾಸನೆಯದು. ಸೂಫಿ ಎಂದರೆ ಟಿಕೇಟಿನದು. ಕಾರ್ಯಕ್ರಮ ಏರ್ಪಡಿಸುವ ಗೆಳೆಯರೊಬ್ಬರು ನಮಗೆ ಹೇಳಿದರು: ಅದೇ ತಂಡ, ಅದೇ ಹಾಡು, ಬ್ಯಾನರಿನಲ್ಲಿ ಹೆಸರು ಬದಲಿಸಿದರೆ ಮುಂದಿನ ಸಾಲಿನ ಸೋಫಾಗಳು ತುಂಬುತ್ತವೆ. ಒಂದು ಸಣ್ಣ ಪದ ‘ದಮ್’ ಮಾಡಿದ ಪ್ರಯಾಣವನ್ನೂ ಇಲ್ಲೇ ನೆನೆಯಬೇಕು. ಪಾರಸಿಯಲ್ಲಿ ಉಸಿರು. ಕಲಂದರನ ಬಾಯಲ್ಲಿ ಅದು ದೇವರ ನೆನಪಿನ ಉಸಿರು. 1971ರಲ್ಲಿ ದೇವಾನಂದರ ಹಿಪ್ಪಿ ಸಿನಿಮಾ ಬಂದ ಮೇಲೆ ದೇಶಕ್ಕೆಲ್ಲ ಅದು ಗಾಂಜಾದ ಉಸಿರು. ನಮ್ಮ ಅಡುಗೆಮನೆಯಲ್ಲಿ ಮಾತ್ರ ಅದು ಬಿರಿಯಾನಿಯ ಮುಚ್ಚಳದ ಕೆಳಗೆ ಕ್ಷೇಮವಾಗಿದೆ.

ಸಂಗೀತದ ಮಟ್ಟಿಗೆ ಇದೆಲ್ಲ ನಡೆಯಲಿ. ಅಸಲು ತೊಂದರೆ ಈ ಹೆಸರು ಹಾಡಿನಿಂದ ಇಳಿದು ಮನುಷ್ಯರ ಮೇಲೆ ಕೂರುವಾಗ. 2016ರ ಮಾರ್ಚಿನಲ್ಲಿ ದೆಹಲಿಯಲ್ಲಿ ವಿಶ್ವ ಸೂಫಿ ಸಮಾವೇಶ ನಡೆದು ಪ್ರಧಾನಿಯವರೇ ಬಂದು ಮಾತಾಡಿದರು. ಆಗಿನಿಂದೀಚೆಗೆ ‘ಸೂಫಿ ಮುಸ್ಲಿಂ’ ಎಂಬ ಜೋಡಿಪದ ಓದಿದವರ ಬಾಯಲ್ಲಿ ‘ಒಳ್ಳೆಯ ಮುಸ್ಲಿಂ’ ಎಂಬುದಕ್ಕೆ ಪರ್ಯಾಯವಾಗಿ ನಿಂತಿದೆ. ಹಾಡುವವನು ಒಳ್ಳೆಯವನು, ಬಾಡಿಗೆ ಮನೆ ಕೇಳುವವನು ಅನುಮಾನದವನು. ರಹಮತ್ ತರೀಕೆರೆಯವರು 1998ರಲ್ಲಿ ‘ಕರ್ನಾಟಕದ ಸೂಫಿಗಳು’ ಬರೆದಾಗ ನಮ್ಮಂಥವರಿಗೆ ಅದು ಕಣ್ಣು ತೆರೆಸಿದ ಪುಸ್ತಕ. ಅಲ್ಲಿನ ಸೂಫಿಗಳು ದೊರೆಗಳನ್ನು ಧಿಕ್ಕರಿಸಿದವರು, ದೊರೆಗಳಿಂದ ಜಹಗೀರು ಪಡೆದವರು, ಜಗಳಗಂಟರು, ಸಾಧುಗಳು, ಎಲ್ಲ ಥರದವರೂ ಇದ್ದರು. ಮನುಷ್ಯರು ಇರುವ ಹಾಗೆ. ಈಗಿನ ಬ್ಯಾನರಿನ ಸೂಫಿ ಯಾರನ್ನೂ ಧಿಕ್ಕರಿಸುವುದಿಲ್ಲ, ಸಂಜೆ ಆರರಿಂದ ಒಂಬತ್ತರ ತನಕ ಹಾಡಿ ಹೋಗುತ್ತಾನೆ. ನಮ್ಮವರಲ್ಲೂ ಕೆಲವರು ಇದಕ್ಕೆ ಪ್ರತಿಯಾಗಿ ಸೂಫಿ ಎಂದರೆ ಸಿಡಿಮಿಡಿಗೊಂಡು, ಅಜ್ಜಂದಿರು ತಲೆಬಾಗಿದ ದರ್ಗಾದ ದಾರಿಯನ್ನೇ ಬಿಟ್ಟಿದ್ದಾರೆ. ಯಾರೋ ತಪ್ಪಾಗಿ ಬಳಸಿದರೆಂದು ನಮ್ಮ ಮನೆಯ ಪಾತ್ರೆಯನ್ನು ನಾವೇ ಬೀದಿಗೆ ಎಸೆದ ಹಾಗೆ.

ನಮಗೂ ಒಂದು ಚೀಟಿ ಅಂಟಿದೆ. ಮೊದಲ ಕಥೆ ಅಚ್ಚಾದಾಗ ಅದು ಬೈತಖೋಲದ ಮೀನುಗಾರನೊಬ್ಬನ ದೋಣಿಯ ಇಂಜಿನ್ ಕೆಟ್ಟ ಕಥೆ. ನಾಯಕ ಖಾರ್ವಿ, ಇಡೀ ಕಥೆಯಲ್ಲಿ ಒಂದೂ ನಮಾಜಿಲ್ಲ. ಆ ಪತ್ರಿಕೆಯ ಸಂಪಾದಕರು ಮೇಲೊಂದು ಟಿಪ್ಪಣಿ ಹಾಕಿದ್ದರು, ಮುಸ್ಲಿಂ ಬದುಕಿನ ಅಪರೂಪದ ಒಳನೋಟ ಎಂದು. ಬೊಳುವಾರು, ಸಾರಾ ಅಬೂಬಕ್ಕರ್, ಕಟಪಾಡಿ, ಬಾನು ಮುಷ್ತಾಕ್ ಇವರೆಲ್ಲ ‘ಮುಸ್ಲಿಂ ಸಂವೇದನೆ’ ಎಂಬ ಹೆಸರು ಕನ್ನಡ ವಿಮರ್ಶೆಗೆ ಬರುವಂತೆ ಬರೆದವರು. ಆ ಹೆಸರು ಅಂದು ಮುಚ್ಚಿದ್ದ ಬಾಗಿಲನ್ನು ತೆರೆಯಿತು, ಅದರ ಲಾಭ ನಾವೂ ಉಂಡಿದ್ದೇವೆ. 2025ರಲ್ಲಿ ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಬಂತು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆದರೂ ನಮ್ಮ ಚರ್ಚೆಗಳು ಕಥೆಯ ಬಗ್ಗೆ ಎಷ್ಟಾದವು, ಅವರ ಹೆಸರಿನ ಬಗ್ಗೆ ಎಷ್ಟಾದವು ಎಂದು ಓದುಗರೇ ನೆನಪಿಸಿಕೊಳ್ಳಬೇಕು.

ಕಳೆದ ಚಳಿಗಾಲ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದ ಒಂದು ದಮಾಮಿ ತಂಡ ಸಿಕ್ಕಿತು. ಯಾವುದೋ ಉತ್ಸವ ಮುಗಿಸಿ ಊರಿಗೆ ಮರಳುತ್ತಿದ್ದವರು. ಹೆಣ್ಣುಮಕ್ಕಳು ಬೆಂಚಿನ ಮೇಲೆ ಕೂತು ಕಡಲೆ ತಿನ್ನುತ್ತಿದ್ದರು. ಪ್ಲಾಸ್ಟಿಕ್ ಚೀಲದಿಂದ ಸೊಪ್ಪಿನ ಲಂಗದ ಅಂಚು ಇಣುಕುತ್ತಿತ್ತು. ತಂಡದ ಮುಖ್ಯಸ್ಥನೊಡನೆ ಚಹಾ ಕುಡಿಯುತ್ತ ಮಾತಾಡಿದೆವು. ನಮ್ಮ ಗಡ್ಡ ಟೋಪಿ ನೋಡಿ ಅವನೂ ಸಲಾಂ ಹೇಳಿದ. ‘ಸಿದ್ದಿ’ ಎಂದರೆ ಬೇಸರವೇ ಎಂದು ಕೇಳಿದೆವು. “ಸರ್ಟಿಫಿಕೇಟಿನಲ್ಲಿ ಅದೇ ಇದೆಯಲ್ಲ, ಬೇಸರ ಮಾಡ್ಕೊಂಡ್ರೆ ಮಗಳ ಸ್ಕಾಲರ್‌ಶಿಪ್ಪು ಬರೂದಿಲ್ಲ” ಎಂದು ನಕ್ಕ. ಹಾಗಾದರೆ ಆಫ್ರಿಕನ್? “ಅದು ಹಾಕದೆ ಇದ್ರೆ ಫೋನೇ ಬರೂದಿಲ್ಲ ಸಾಬ್ರೆ.”

ಬಸ್ಸು ಬಂತು. ಹತ್ತುವ ಮೊದಲು ಅವನು ಜೇಬಿನಿಂದ ಎರಡು ಥರದ ಕಾರ್ಡು ತೆಗೆದ. ಒಂದರಲ್ಲಿ ‘ಸಿದ್ದಿ ದಮಾಮಿ ತಂಡ’ ಎಂದಿತ್ತು. ಇನ್ನೊಂದು ಬಣ್ಣದ್ದು, ‘ಆಫ್ರಿಕನ್ ಟ್ರೈಬಲ್ ಡಾನ್ಸ್’. ಎರಡರಲ್ಲೂ ಒಂದೇ ಫೋನ್ ನಂಬರು. “ಯಾವುದು ಬೇಕು?” ಎಂದ. ನಾವು ಮೊದಲನೆಯದನ್ನು ತೆಗೆದುಕೊಂಡೆವು. ಆಮೇಲೆ, ಮುಂದಿನ ತಿಂಗಳು ಕಾರ್ಯಕ್ರಮ ಇಟ್ಟುಕೊಂಡಿದ್ದ ಆ ಗೆಳೆಯರ ನೆನಪಾಗಿ, ಬಸ್ಸಿನ ಕಿಟಕಿಯ ಹತ್ತಿರ ಓಡಿಹೋಗಿ ಎರಡನೆಯದನ್ನೂ ಕೇಳಿ ಇಸಿದುಕೊಂಡೆವು.